ಬೆಟ್ಟದ ಹಳ್ಳಿಗೆ ಹೋದರೆ ಮೊದಲು ನೀರಿನ ದಾರಿ ಹಿಡಿಯಿರಿ

ಪ್ರಶ್ನೆ: ನಾವು ಮೂವರೂ ದಾವಣಗೆರೆಯ ಶಾಲಾ ಶಿಕ್ಷಕಿಯರು. ವಯಸ್ಸು ನಲವತ್ತು ದಾಟಿದೆ. ಬರುವ ಬೇಸಿಗೆ ರಜೆಯಲ್ಲಿ, ಮೇ ತಿಂಗಳಲ್ಲಿ, 18 ದಿನ ಬಿಡುವು ಮಾಡಿಕೊಂಡು ಹಿಮಾಚಲದ ಸ್ಪಿತಿ ಕಡೆ ಹೋಗಬೇಕು ಅಂತಿದ್ದೇವೆ. ಜಾಗ ನೋಡಿ ಫೋಟೊ ತೆಗೆದುಕೊಂಡು ಬರುವ ಆಸೆ ಇಲ್ಲ. ಅಷ್ಟು ಎತ್ತರದ, ಅಷ್ಟು ದೂರದ ಹಳ್ಳಿಗಳಲ್ಲಿ ಜನ ಹೇಗೆ ಬದುಕುತ್ತಾರೆ ಅಂತ ತಿಳಿಯಬೇಕು. ಎಷ್ಟು ಹಳ್ಳಿ ನೋಡಬಹುದು? ಅವರ ಭಾಷೆ ಬರುವುದಿಲ್ಲ, ಮಾತಾಡಿಸುವುದು ಹೇಗೆ? ಮಲಾಣಾ ಹಳ್ಳಿಯನ್ನೂ ಸೇರಿಸಿಕೊಳ್ಳಬಹುದಾ? ನಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು. ಊಟ, ಶೌಚಾಲಯದ ಚಿಂತೆಯೂ ಇದೆ. ಉಳಿಯುವ ಮನೆಯವರಿಗೆ ಏನು ಒಯ್ಯಬೇಕು?

ಉತ್ತರ: ಒಂದು ಹಳ್ಳಿ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. 18 ದಿನದಲ್ಲಿ ಹೋಗಲು, ಬರಲು, ಮೈ ಎತ್ತರಕ್ಕೆ ಒಗ್ಗಲು 12-13 ದಿನ ಬೇಕೇ ಬೇಕು. ಉಳಿದ ಐದು ದಿನವನ್ನು ಒಂದೇ ಊರಲ್ಲಿ, ಒಂದೇ ಮನೆಯಲ್ಲಿ ಕಳೆಯಿರಿ. ಕಾಜಾ ಪಟ್ಟಣದಲ್ಲಿ ಟ್ಯಾಕ್ಸಿ ಹತ್ತಿ ಕೀ, ಕಿಬ್ಬರ್, ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಎಲ್ಲವನ್ನೂ ಒಂದೇ ದಿನದಲ್ಲಿ ಸುತ್ತಿ ಬರುವವರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಬೆಟ್ಟ ಕಾಣುತ್ತದೆ, ಗೊಂಪ (ಬೌದ್ಧ ಮಠ) ಕಾಣುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಒಲೆಗೆ ಸಗಣಿ ಕುಳ್ಳು ಹಾಕುವ ಹೆಂಗಸು ಕಾಣುವುದಿಲ್ಲ. ಮೊದಲ ದಿನ ನೀವು ಮನೆಗೆ ಬಂದ ಅತಿಥಿ. ಎರಡನೇ ದಿನ ಅಕ್ಕಪಕ್ಕದವರು ಯಾರಿವರು ಅಂತ ವಿಚಾರಿಸುತ್ತಾರೆ. ಮೂರನೇ ದಿನದಿಂದ ಮನೆಯವರು ತಮ್ಮ ಪಾಡಿಗೆ ತಾವು ಕೆಲಸ ಮಾಡಲು ಶುರು ಮಾಡುತ್ತಾರೆ. ನಿಮಗೆ ಬೇಕಾದದ್ದು ಆಗ ಸಿಗುತ್ತದೆ.

ನಾನು ಚಿತ್ರದುರ್ಗದವನು. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಹಟ್ಟಿಗಳಲ್ಲಿ ಕುರಿ, ದನ ಸಾಕುವವರ ಬದುಕನ್ನು ನೋಡುತ್ತಾ, ಕೇಳುತ್ತಾ ಬೆಳೆದವನು. ಮುಂದೆ ಅದೇ ಕೆಲಸ ಹಿಮಾಲಯದ ಹಳ್ಳಿಗಳಿಗೂ ಕರೆದುಕೊಂಡು ಹೋಯಿತು. ಆ ಅನುಭವದಿಂದ ಒಂದು ಮಾತು ಧೈರ್ಯವಾಗಿ ಹೇಳುತ್ತೇನೆ. ನಮ್ಮ ಕಡೆಯವರಿಗೆ ಸ್ಪಿತಿ ಬೇಗ ಅರ್ಥವಾಗುತ್ತದೆ. ಹಿಮಾಲಯ ಅಂದ ತಕ್ಷಣ ಹಸಿರು ಕಣಿವೆ, ದೇವದಾರು ಮರ ಕಣ್ಣಿಗೆ ಬರುತ್ತದೆ ಅಲ್ವಾ? ಸ್ಪಿತಿ ಹಾಗಿಲ್ಲ. ದೊಡ್ಡ ಪರ್ವತಗಳು ಮುಂಗಾರಿನ ಮೋಡವನ್ನು ಆಚೆಯೇ ತಡೆಯುತ್ತವೆ. ಮಳೆ ತುಂಬ ಕಡಿಮೆ. ಬೆಟ್ಟ ಬೋಳು, ಮರ ಅಪರೂಪ. ಚಳಿಗಾಲದಲ್ಲಿ ಬಿದ್ದ ಹಿಮವೇ ವರ್ಷದ ನೀರು. ಸಹ್ಯಾದ್ರಿಯ ಮರೆಯಲ್ಲಿ ಕುಳಿತ ಹಿರಿಯೂರು, ಚಳ್ಳಕೆರೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರದ ಸೀಮೆಯವರು ಬರದ ಸೀಮೆಗೆ ಹೋಗುತ್ತಿದ್ದೀರಿ. ನೀರು, ಮೇವು, ಉರುವಲು ಈ ಮೂರರ ಬಗ್ಗೆ ಕೇಳುವುದು ನಿಮಗೆ ಸಹಜವಾಗಿ ಬರುತ್ತದೆ. ಆ ಮೂರನ್ನು ಹಿಡಿದು ಹೊರಟರೆ ಊರಿನ ಮುಕ್ಕಾಲು ಭಾಗ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ನೀರು. ಹಳ್ಳಿ ತಲುಪಿದ ಮಾರನೇ ದಿನ ಮನೆಯವರಲ್ಲಿ ಯಾರನ್ನಾದರೂ ಕೇಳಿ, ಹೊಲಕ್ಕೆ ನೀರು ಎಲ್ಲಿಂದ ಬರುತ್ತೆ ಅಂತ. ಅವರು ಮೇಲೆ ಬೆಟ್ಟದ ಕಡೆ ಕೈ ತೋರಿಸುತ್ತಾರೆ. ಹಿಮ ಕರಗುವ ಕಡೆಯಿಂದ ಊರಿನವರೆಗೆ ಬೆಟ್ಟದ ಮೈಗೆ ಅಂಟಿಕೊಂಡಂತೆ ಸಣ್ಣ ಕಾಲುವೆ ತೋಡಿರುತ್ತಾರೆ. ಅದಕ್ಕೆ ಕೂಲ್ ಅನ್ನುತ್ತಾರೆ. ಕೆಲವು ಕೂಲ್‌ಗಳು ಕಿಲೋಮೀಟರುಗಟ್ಟಲೆ ಉದ್ದ ಇವೆ. ಊರ ಹತ್ತಿರ ಒಂದು ಹೊಂಡ ಇರುತ್ತದೆ. ರಾತ್ರಿಯಿಡೀ ಬಂದ ನೀರು ಅದರಲ್ಲಿ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ತೂಬು ಬಿಚ್ಚುತ್ತಾರೆ. ಸಂಜೆ ಹೊತ್ತಿಗೆ ಹೊಂಡ ಖಾಲಿ. ಮತ್ತೆ ಮುಚ್ಚುತ್ತಾರೆ. ಬಿತ್ತನೆಯಿಂದ ಕೊಯ್ಲಿನವರೆಗೆ ದಿನಾ ಇದೇ ನಡೆಯುತ್ತದೆ.

ನೋಡಲು ಸರಳ. ಆದರೆ ಯಾರ ಹೊಲಕ್ಕೆ ಯಾವ ದಿನ, ಎಷ್ಟು ಹೊತ್ತು ಅನ್ನುವುದರಲ್ಲಿ ಆ ಊರಿನ ಇಡೀ ಚರಿತ್ರೆ ಇದೆ. ಹಳ್ಳಿ ಕಟ್ಟಿದ ಹಳೆಯ ಮನೆತನಗಳಿಗೆ ನೀರಿನ ಮೊದಲ ಹಕ್ಕು. ಆಮೇಲೆ ಬಂದು ನೆಲೆಸಿದವರು, ಸಣ್ಣ ಮನೆಯವರು ಅವರಿಂದ ಪಾಲು ಪಡೆಯಬೇಕು. ಕೆಲವೊಮ್ಮೆ ದುಡ್ಡು ಕೊಟ್ಟು, ಕೆಲವೊಮ್ಮೆ ದುಡಿದು. ಹಿಮ ಕಡಿಮೆ ಬಿದ್ದ ವರ್ಷ ಈ ಲೆಕ್ಕ ಬಿಗಿಯಾಗುತ್ತದೆ. ಒಂದಿಷ್ಟು ಹೊಲ ಬಿತ್ತದೆ ಹಾಗೇ ಬಿಡುವುದೂ ಉಂಟು. ಭದ್ರಾ ನಾಲೆಯ ಕೊನೆ ಭಾಗಕ್ಕೆ ನೀರು ಬರಲಿಲ್ಲ ಅಂತ ರೈತರು ರಸ್ತೆಗಿಳಿಯುವುದನ್ನು ನೀವು ದಾವಣಗೆರೆಯಲ್ಲಿ ನೋಡಿದ್ದೀರಿ. ಕೆರೆ ತೂಬು ಎತ್ತುವ ನೀರುಗಂಟಿಯ ಬಗ್ಗೆ ಮನೆಯ ಹಿರಿಯರಿಂದ ಕೇಳಿರುತ್ತೀರಿ. ಅದನ್ನೆಲ್ಲ ಅವರಿಗೂ ಹೇಳಿ. ನಮ್ಮೂರಲ್ಲಿ ಹೀಗೆ, ನಿಮ್ಮಲ್ಲಿ ಹೇಗೆ ಅಂತ ಕೇಳಿ. ಈ ಒಂದು ಪ್ರಶ್ನೆಗೆ ಮಧ್ಯಾಹ್ನವೆಲ್ಲ ಮಾತಾಡುವ ಮುದುಕರನ್ನು ನಾನು ಕಂಡಿದ್ದೇನೆ.

ನೀವು ಮೇ ತಿಂಗಳಲ್ಲಿ ಹೊರಟಿರುವುದು ಒಳ್ಳೆಯದೇ ಆಯಿತು. ಪ್ರವಾಸಿಗರಿಗೆ ಅದು ಅರ್ಧ ಸೀಸನ್. ಮನಾಲಿ ಕಡೆಯಿಂದ ಬರುವ ಕುಂಜುಮ್ ಕಣಿವೆದಾರಿ ಸಾಮಾನ್ಯವಾಗಿ ಆಗ ಇನ್ನೂ ಹಿಮದಲ್ಲಿ ಮುಚ್ಚಿರುತ್ತದೆ. ಚಂದ್ರತಾಲ್ ಸರೋವರದ ಆಸೆ ಈಗಲೇ ಬಿಟ್ಟುಬಿಡಿ. ಆದರೆ ಊರಿನವರಿಗೆ ಅದು ಬಿತ್ತನೆ ಕಾಲ. ಕೂಲ್‌ನಲ್ಲಿ ಕುಸಿದ ಮಣ್ಣು, ಕಲ್ಲು ತೆಗೆಯಲು ಮನೆಗೊಬ್ಬರಂತೆ ಹೋಗುತ್ತಾರೆ. ಚಳಿಗಾಲವಿಡೀ ಕೂಡಿಟ್ಟ ಗೊಬ್ಬರ ಹೊಲಕ್ಕೆ ಹೋಗುತ್ತದೆ. ಯಾಕ್ ಅಥವಾ ಜೋ (ಯಾಕ್ ಮತ್ತು ಹಸುವಿನ ಮಿಶ್ರತಳಿ) ಹೂಡಿ ಉಳುತ್ತಾರೆ. ಈಚೆಗೆ ಪವರ್ ಟಿಲ್ಲರ್ ಕೂಡ ಬಂದಿದೆ. ಉಳುಮೆ ಶುರು ಮಾಡುವ ದಿನವನ್ನು ಪಂಚಾಂಗ ಬಲ್ಲ ಲಾಮಾ ಹೇಳುತ್ತಾರೆ. ಒಂದು ಮನೆಯ ಹೊಲಕ್ಕೆ ಇನ್ನೊಂದು ಮನೆಯವರು ಬಂದು ದುಡಿಯುತ್ತಾರೆ, ನಾಳೆ ಇವರು ಅಲ್ಲಿಗೆ ಹೋಗುತ್ತಾರೆ. ನಮ್ಮ ಕಡೆಯ ಮುಯ್ಯಾಳು ಪದ್ಧತಿಯೇ ಅದು. ನಮ್ಮಲ್ಲಿ ಅದು ಬಹುಪಾಲು ಹೋಯಿತು. ಅಲ್ಲಿ ಇನ್ನೂ ಉಳಿದಿರುವುದಕ್ಕೆ ಕಾರಣ ಕಾಲ. ಬೆಳೆಗೆ ಸಿಗುವುದು ಐದು ತಿಂಗಳೂ ಇಲ್ಲ. ಎಲ್ಲರೂ ಸೇರದಿದ್ದರೆ ಕೆಲಸ ಮುಗಿಯುವುದಿಲ್ಲ.

ಬಿತ್ತುವುದು ಮುಖ್ಯವಾಗಿ ಬಾರ್ಲಿ ಮತ್ತು ಹಸಿ ಬಟಾಣಿ. ಬಾರ್ಲಿ ಮನೆಗೆ, ಬಟಾಣಿ ಮಾರುಕಟ್ಟೆಗೆ. ಆಗಸ್ಟ್ ಸುಮಾರಿಗೆ ಬಯಲುನಾಡಿನಲ್ಲಿ ತಾಜಾ ಬಟಾಣಿ ಇಲ್ಲದ ಹೊತ್ತಿನಲ್ಲಿ ಸ್ಪಿತಿಯ ಬಟಾಣಿ ಬರುತ್ತದೆ. ಹಾಗಾಗಿ ಒಳ್ಳೆ ಬೆಲೆ. ಮಕ್ಕಳ ಓದು, ಮನೆಗೆ ಹೊಸ ಕೋಣೆ, ಕಾರು ಎಲ್ಲವೂ ಬಟಾಣಿ ದುಡ್ಡಿನಿಂದ ಆದದ್ದು ಅಂತ ಜನ ಹೇಳುತ್ತಾರೆ. ದೂರದ ಹಳ್ಳಿ ಅಂದರೆ ಹೊರಗಿನ ಪ್ರಪಂಚ ತಾಕದ ಹಳ್ಳಿ ಅಂತ ಅಂದುಕೊಂಡು ಹೋಗಬೇಡಿ. ಆ ಮನೆಯ ಹುಡುಗಿ ಚಂಡೀಗಢದಲ್ಲಿ ಓದುತ್ತಿರಬಹುದು. ಬಟಾಣಿ ರೇಟು ಎಷ್ಟು ಅಂತ ಅಪ್ಪ ಫೋನಿನಲ್ಲಿ ವಿಚಾರಿಸುತ್ತಿರಬಹುದು. ಅದನ್ನು ನೋಡಿ ನಿರಾಸೆ ಪಡುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ನಮಗೆ ಚಂದ ಕಾಣಲಿ ಅಂತ ಅವರು ಹಳೇ ಕಾಲದಲ್ಲೇ ಇರಬೇಕಾ?

ಇನ್ನು ಮನೆ. ದಪ್ಪ ಮಣ್ಣಿನ ಗೋಡೆ, ಚಪ್ಪಟೆ ಮಾಳಿಗೆ. ಹಿರಿಯೂರು ಸೀಮೆಯಲ್ಲಿ ಮಾಳಿಗೆ ಮನೆ ನೋಡಿದವರಿಗೆ ಇದು ಹೊಸದಲ್ಲ. ಮಾಳಿಗೆ ಅಂಚಿನ ಸುತ್ತ ಒಣಹುಲ್ಲು, ಮುಳ್ಳುಪೊದೆಯ ಕಟ್ಟಿಗೆ ಒಟ್ಟಿರುತ್ತಾರೆ. ಅದು ಅಲಂಕಾರಕ್ಕೆ ಅಂತ ತಿಳಿದವರಿದ್ದಾರೆ. ಅದು ಚಳಿಗಾಲದ ದಾಸ್ತಾನು. ಎಷ್ಟು ತಿಂಗಳಿಗೆ ಬರುತ್ತೆ, ಯಾರು ಹೊತ್ತು ತಂದರು ಅಂತ ಕೇಳಿ. ಹೆಚ್ಚಿನ ಕಡೆ ಉತ್ತರ ಹೆಂಗಸರು ಅಂತ ಬರುತ್ತದೆ.

ಮನೆಯ ಪಕ್ಕದಲ್ಲಿ ಇನ್ನೊಂದು ಚಿಕ್ಕ ಮನೆ ಕಂಡರೆ ಅದರಲ್ಲಿ ಯಾರಿದ್ದಾರೆ ಅಂತ ವಿಚಾರಿಸಿ. ಸ್ಪಿತಿಯ ಹಳೆಯ ಕಟ್ಟಳೆಯಲ್ಲಿ ಜಮೀನು ಪಾಲಾಗುವುದಿಲ್ಲ. ಎಲ್ಲವೂ ಹಿರಿ ಮಗನಿಗೆ. ಅವನ ಸಂಸಾರ ನೆಲೆಯಾದ ಮೇಲೆ ಅಪ್ಪ ಅಮ್ಮ ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೋಗುತ್ತಾರೆ, ತಮ್ಮ ಪಾಡಿಗೆ ಒಂದು ತುಂಡು ಹೊಲ ಇಟ್ಟುಕೊಂಡು. ಕಿರಿ ಮಕ್ಕಳು ಗೊಂಪಕ್ಕೆ ಸೇರುತ್ತಿದ್ದರು. ಗಂಡು ಮಕ್ಕಳಿಲ್ಲದಿದ್ದರೆ ಮಗಳಿಗೆ ಮನೆಅಳಿಯನನ್ನು ತರುತ್ತಾರೆ. ನೀರು ಇಷ್ಟೇ, ಹೊಲ ಇಷ್ಟೇ ಇರುವ ಕಡೆ ಅಣ್ಣತಮ್ಮಂದಿರು ಹಂಚಿಕೊಳ್ಳುತ್ತಾ ಹೋದರೆ ಮೂರು ತಲೆಮಾರಿನಲ್ಲಿ ಯಾರಿಗೂ ಹೊಟ್ಟೆ ತುಂಬುವುದಿಲ್ಲ. ಅದಕ್ಕೆ ಈ ಕಟ್ಟಳೆ ಹುಟ್ಟಿತು. ಈಗ ಸರ್ಕಾರಿ ನೌಕರಿ, ಪ್ರವಾಸೋದ್ಯಮ ಬಂದು ಕಿರಿಯರಿಗೂ ಬೇರೆ ದಾರಿಗಳು ತೆರೆದಿವೆ. ಹಾಗಾಗಿ ಇದು ಬದಲಾಗುತ್ತಿದೆ. ಹಿರಿಯರು ಒಂದು ಹೇಳುತ್ತಾರೆ, ಕಿರಿಯರು ಇನ್ನೊಂದು. ಇಬ್ಬರ ಮಾತೂ ಕೇಳಿಸಿಕೊಳ್ಳಿ.

ಭಾಷೆಯ ಬಗ್ಗೆ ಜಾಸ್ತಿ ಚಿಂತೆ ಬೇಡ. ಅವರ ಮಾತು ಟಿಬೆಟನ್ ಕುಲದ್ದು. ಆದರೆ ಮಧ್ಯ ವಯಸ್ಸಿನವರಿಗೆ, ಮಕ್ಕಳಿಗೆ ಹಿಂದಿ ಚೆನ್ನಾಗಿ ಬರುತ್ತದೆ. ಎದುರಿಗೆ ಯಾರು ಸಿಕ್ಕರೂ ‘ಜುಲೇ’ ಅನ್ನಿ. ಬರುವಾಗ, ಹೋಗುವಾಗ, ಧನ್ಯವಾದ ಹೇಳುವಾಗ ಎಲ್ಲದಕ್ಕೂ ಅದೇ. ವಯಸ್ಸಾದವರ ಜೊತೆ ಮಾತಾಡಲು ಮನೆಯ ಮಕ್ಕಳು ನಡುವೆ ಕುಳಿತರೆ ಸಾಕು. ನಿಮಗೆ ಇನ್ನೊಂದು ಅನುಕೂಲ ಇದೆ. ಅಲ್ಲಿ ದೊಡ್ಡ ರಜೆ ಚಳಿಗಾಲದಲ್ಲಿ. ನಿಮ್ಮ ಶಾಲೆಗೆ ರಜೆ ಇರುವ ಮೇ ತಿಂಗಳಲ್ಲಿ ಅವರ ಶಾಲೆ ನಡೆಯುತ್ತಿರುತ್ತದೆ. ಮುಖ್ಯ ಶಿಕ್ಷಕರ ಅನುಮತಿ ಕೇಳಿ ಒಂದು ದಿನ ಹೋಗಿ ಕುಳಿತುಕೊಳ್ಳಿ. ಬೆರಳೆಣಿಕೆಯ ಮಕ್ಕಳಿರುವ ಶಾಲೆ ಹೇಗೆ ನಡೆಯುತ್ತದೆ, ಪ್ರೈಮರಿ ಮುಗಿದ ಮಕ್ಕಳು ಎಲ್ಲಿಗೆ ಹೋಗುತ್ತಾರೆ, ಎಷ್ಟನೇ ವಯಸ್ಸಿಗೆ ಹಾಸ್ಟೆಲ್ ಸೇರುತ್ತಾರೆ, ಇದನ್ನೆಲ್ಲ ಒಬ್ಬ ಶಿಕ್ಷಕಿ ಇನ್ನೊಬ್ಬ ಶಿಕ್ಷಕಿಯನ್ನು ಕೇಳುವಷ್ಟು ಚೆನ್ನಾಗಿ ಬೇರೆ ಯಾರೂ ಕೇಳಲಾರರು. ತಾಬೋ ಹತ್ತಿರದ ಲಾರಿ ಎಂಬಲ್ಲಿ ನವೋದಯ ವಿದ್ಯಾಲಯವೂ ಇದೆ. ಮನೆಯಿಂದ ಮಕ್ಕಳು ಬೇಗ ದೂರವಾಗುವುದು ಅಲ್ಲಿನ ತಾಯಂದಿರ ದೊಡ್ಡ ನೋವು. ಅವರೇ ಹೇಳಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ.

ಕೆದಕುವ ವಿಷಯ ಬಂತಲ್ಲ, ನಮ್ಮ ಕಡೆಯದೇ ಒಂದು ಉದಾಹರಣೆ ಹೇಳುತ್ತೇನೆ. ಕಾಡುಗೊಲ್ಲರ ಹಟ್ಟಿಗಳಿಗೆ ಹೊರಗಿನಿಂದ ಬರುವವರಲ್ಲಿ ಬಹಳ ಜನ ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ. ಮುಟ್ಟಾದ ಹೆಂಗಸರನ್ನು, ಬಾಣಂತಿಯರನ್ನು ಹೊರಗಿಡುತ್ತೀರಂತೆ ಹೌದಾ ಅಂತ. ಆ ಪದ್ಧತಿ ಹೋಗಲೇಬೇಕು. ಅದರಲ್ಲಿ ನನಗೆ ಎರಡನೇ ಮಾತಿಲ್ಲ. ಅದನ್ನು ಬಿಡಿಸಲು ಹಟ್ಟಿಯೊಳಗಿನ ಹೆಣ್ಣುಮಕ್ಕಳೇ ಹೋರಾಡುತ್ತಿದ್ದಾರೆ. ಆದರೆ ಅದೊಂದನ್ನೇ ಕೇಳಿ, ವಿಡಿಯೋ ಮಾಡಿಕೊಂಡು ಹೋದವರಿಗೆ ಆ ಹೆಂಗಸರ ಬದುಕಿನ ಏನು ಗೊತ್ತಾಯಿತು? ಕುರಿ ಎಷ್ಟಿವೆ, ಸಾಲ ಎಷ್ಟಿದೆ, ಬೇಸಿಗೆಯಲ್ಲಿ ಗಂಡಸರು ಮಂದೆ ಹೊಡೆದುಕೊಂಡು ದೂರ ಹೋದಾಗ ಮನೆ ಯಾರು ನೋಡುತ್ತಾರೆ, ಯಾರೂ ಕೇಳಲಿಲ್ಲ. ಹಿಮಾಲಯದಲ್ಲಿ ಇದೇ ಥರದ ಪ್ರಶ್ನೆ ಒಂದಿದೆ. ಅಣ್ಣತಮ್ಮಂದಿರಿಗೆ ಒಬ್ಬಳೇ ಹೆಂಡತಿಯಂತೆ ಹೌದಾ ಅಂತ. ಕಿನ್ನೌರ್, ಲಾಹೌಲ್ ಕಡೆ ಆ ಪದ್ಧತಿ ಇತ್ತು. ಈಗ ಬಹಳ ಕಡಿಮೆ. ಬಂದವರೆಲ್ಲ ಅದನ್ನೇ ಕೇಳಿ ಕೇಳಿ ಜನ ರೋಸಿಹೋಗಿದ್ದಾರೆ. ನೀವು ಕೇಳಬೇಡಿ. ಕೆಲಸದ ಬಗ್ಗೆ ಕೇಳಿ. ಮದುವೆ, ದೇವರು, ಜಾತಿ, ಆದಾಯ ಇವೆಲ್ಲ ಅವರಾಗೇ ಎತ್ತಿದರೆ ಮಾತ್ರ.

ಹೊರಡುವ ಮುಂಚೆ ಒಂದು ತಯಾರಿ ಮಾಡಿಕೊಳ್ಳಿ ಅಂತ ಒತ್ತಾಯವಾಗಿಯೇ ಹೇಳುತ್ತೇನೆ. ಮೊಳಕಾಲ್ಮುರು ಅಥವಾ ಚಳ್ಳಕೆರೆ ತಾಲ್ಲೂಕಿನ ಹಟ್ಟಿಯ ಶಾಲೆಯಲ್ಲಿ ಕೆಲಸ ಮಾಡುವ ಸಹೋದ್ಯೋಗಿ ಯಾರಾದರೂ ನಿಮಗೆ ಗೊತ್ತಿರುತ್ತಾರೆ. ಅವರ ಮೂಲಕ ಒಂದು ಶನಿವಾರ ಭಾನುವಾರ ಹೋಗಿ ಬನ್ನಿ. ಮ್ಯಾಸಬೇಡರ ಹಟ್ಟಿಯಾದರೆ ದೇವರ ಎತ್ತುಗಳ ಬಗ್ಗೆ ಕೇಳಿ. ದೇವರಿಗೆ ಬಿಟ್ಟ ಆ ದನಗಳನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ. ಅವನ್ನು ಕಾಯಲು ಕಿಲಾರಿ ಇರುತ್ತಾನೆ. ಬರ ಬಂದಾಗ ಮೇವು ಎಲ್ಲಿಂದ ಹೊಂದಿಸುತ್ತಾರೆ? ಈ ಒಂದೇ ಪ್ರಶ್ನೆ ಸಾಕು, ಹಟ್ಟಿ, ಕಾವಲು (ದನ ಮೇಯುವ ಬಯಲು), ಅರಣ್ಯ ಇಲಾಖೆ, ಗೋಶಾಲೆ, ದೇವರು ಎಲ್ಲ ಒಂದೊಂದಾಗಿ ಬರುತ್ತವೆ. ಗುಡಿಯ ಹತ್ತಿರ ಎಲ್ಲಿ ಚಪ್ಪಲಿ ಬಿಡಬೇಕು, ಯಾವ ಜಾಗ ಹೊರಗಿನವರು ದಾಟಬಾರದು ಅನ್ನುವುದನ್ನು ಮೊದಲೇ ಕೇಳಿಕೊಳ್ಳುವ ಅಭ್ಯಾಸವೂ ಆಗುತ್ತದೆ. ಕನ್ನಡದಲ್ಲೇ ಮಾತಾಡಿ, ಕೇಳಿಸಿಕೊಂಡು, ರಾತ್ರಿ ಕೂತು ಬರೆದಿಟ್ಟುಕೊಳ್ಳಿ. ಎದುರಿಗೆ ಕುಳಿತು ನೋಟ್‌ಬುಕ್ಕಿನಲ್ಲಿ ಬರೆಯಬೇಡಿ, ಜನ ಸರ್ಕಾರದ ಸರ್ವೆ ಅಂದುಕೊಳ್ಳುತ್ತಾರೆ. ನಿಮ್ಮ ಭಾಷೆಯಲ್ಲೇ ಏನು ತಪ್ಪಿಹೋಗುತ್ತದೆ ಅಂತ ಗೊತ್ತಾದರೆ, ಭಾಷೆ ಬಾರದ ಕಡೆ ಎಷ್ಟು ನಿಧಾನ ಬೇಕು ಅನ್ನುವುದು ತಿಳಿಯುತ್ತದೆ.

ಮಲಾಣಾ ಬೇಡ. ಅದು ಕುಲ್ಲು ಜಿಲ್ಲೆಯ ಪಾರ್ವತಿ ಕಣಿವೆಯಲ್ಲಿದೆ, ನಿಮ್ಮ ದಾರಿಯಲ್ಲೂ ಇಲ್ಲ. ಅಲ್ಲಿನವರಿಗೆ ಜಮ್ಲು ದೇವರೇ ಒಡೆಯ. ಊರಿಗೆ ತನ್ನದೇ ಪಂಚಾಯಿತಿ, ಕಣಾಶಿ ಎಂಬ ಬೇರೆಯೇ ಭಾಷೆ. ಹೊರಗಿನವರು ಗುಡಿ ಗೋಡೆ ಮುಟ್ಟಿದರೆ ದಂಡ. 2017ರಲ್ಲಿ ದೇವರ ಅಪ್ಪಣೆಯ ಹೆಸರಿನಲ್ಲಿ ಊರೊಳಗಿನ ಗೆಸ್ಟ್‌ಹೌಸ್‌ಗಳನ್ನೂ ಮುಚ್ಚಿಸಿದರು. ಗಾಂಜಾ ಹುಡುಕಿಕೊಂಡು ಬರುವವರ ಕಾಟ ಅವರಿಗೆ ಸಾಕಾಗಿದೆ. ಬರಬೇಡಿ ಅಂತ ಒಂದು ಊರು ಇಷ್ಟು ಸ್ಪಷ್ಟವಾಗಿ ಹೇಳುವಾಗ ಹೋಗದಿರುವುದೇ ಸರಿ.

ಹಾಗಾದರೆ ಯಾವ ಹಳ್ಳಿ? ಕೋಮಿಕ್ 4,587 ಮೀಟರ್ ಎತ್ತರದಲ್ಲಿದೆ, ಹೆಸರೂ ದೊಡ್ಡದು. ಲಾಂಗ್ಜಾ, ಹಿಕ್ಕಿಂ ಸುಮಾರು 4,400 ಮೀಟರ್. ಮೊದಲ ಸಲ ಹೋಗುವ ನಿಮಗೆ ನಾನು ಅವನ್ನು ಹೇಳುವುದಿಲ್ಲ. ದಾವಣಗೆರೆ ಇರುವುದು ಸುಮಾರು 600 ಮೀಟರ್‌ನಲ್ಲಿ. 4,400ಕ್ಕೆ ಹೋದರೆ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮೂರಿನ ಮೂರನೇ ಎರಡು ಭಾಗಕ್ಕಿಂತ ಕಡಿಮೆ. ತಲೆನೋವು, ವಾಕರಿಕೆಯಲ್ಲಿ ಮಲಗಿದರೆ ಯಾರ ಬದುಕು ನೋಡುತ್ತೀರಿ? ಲಿಂಗ್ಟಿ ಕಣಿವೆಯ ಲಾಲುಂಗ್ ಅಥವಾ ಪಿನ್ ಕಣಿವೆಯ ಮುದ್ ಆರಿಸಿಕೊಳ್ಳಿ. ಎರಡೂ 3,700-3,800 ಮೀಟರ್ ಆಸುಪಾಸು. ಲಾಲುಂಗ್‌ನಲ್ಲಿ ಬಹಳ ಹಳೆಯ ಗೊಂಪ ಇದೆ. ಪಿನ್ ಕಣಿವೆ ಚುಮುರ್ತಿ ಕುದುರೆಗೆ ಹೆಸರುವಾಸಿ. ಮುದ್ ರಸ್ತೆಯ ಕೊನೆ ಊರು. ಮೇ ತಿಂಗಳಲ್ಲಿ ಅಲ್ಲಿಗೆ ರಸ್ತೆ ತೆರೆದಿದೆಯೇ ಅಂತ ಕಾಜಾದಲ್ಲಿ ವಿಚಾರಿಸಿಕೊಂಡೇ ಹೋಗಿ.

ದಾರಿ ಹೀಗೆ ಹಿಡಿಯಿರಿ. ದಾವಣಗೆರೆಯಿಂದ ರೈಲಿನಲ್ಲಿ ದೆಹಲಿ, ಅಲ್ಲಿಂದ ಶಿಮ್ಲಾ. ಶಿಮ್ಲಾದಿಂದ ಕಿನ್ನೌರ್ ಮೂಲಕ ಮೇಲೆ. 2,960 ಮೀಟರ್‌ನ ಕಲ್ಪಾದಲ್ಲಿ ಎರಡು ರಾತ್ರಿ. ಆಮೇಲೆ ತಾಬೋದಲ್ಲಿ ಒಂದು ರಾತ್ರಿ. ಅದು ಸುಮಾರು 3,280 ಮೀಟರ್. ಅಲ್ಲಿನ ಗೊಂಪ ಕಟ್ಟಿದ್ದು 996ರಲ್ಲಿ. ಮಣ್ಣಿನ ಗೋಡೆಯ ಮೇಲೆ ಸಾವಿರ ವರ್ಷದ ಚಿತ್ರಗಳಿವೆ, ಅವಸರ ಮಾಡದೆ ನೋಡಿ. ನಂತರ ಕಾಜಾದಲ್ಲಿ ಎರಡು ರಾತ್ರಿ, ಆಮೇಲೆ ನಿಮ್ಮ ಹಳ್ಳಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ತಲೆನೋವು ಜೋರಾದರೆ, ನಡೆಯುವಾಗ ತೂರಾಡುವಂತಾದರೆ, ಕುಳಿತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಅಂತ ಕಾಯದೆ ಕೆಳಗೆ ಇಳಿಯಿರಿ. ಬಿಪಿ, ಸಕ್ಕರೆ ಕಾಯಿಲೆ ಇದ್ದವರು ಹೊರಡುವ ಮುಂಚೆ ವೈದ್ಯರನ್ನು ಕಂಡು, ಎತ್ತರದಲ್ಲಿ ಬರುವ ಕಾಯಿಲೆಗೆ ಕೊಡುವ ಮಾತ್ರೆಯ ಬಗ್ಗೆಯೂ ಕೇಳಿಕೊಳ್ಳಿ. ರೆಕಾಂಗ್ ಪಿಯೋದಿಂದ ಕಾಜಾಕ್ಕೆ ಸರ್ಕಾರಿ ಬಸ್ಸಿದೆ. ಸಾಧ್ಯವಾದರೆ ಅದರಲ್ಲೇ ಹೋಗಿ, ಹಿಟ್ಟಿನ ಮೂಟೆ, ಸಿಲಿಂಡರ್, ಮಗು ಎತ್ತಿಕೊಂಡ ತಾಯಂದಿರ ಜೊತೆ. ನಾವು ಭಾರತೀಯರಿಗೆ ಈ ದಾರಿಯಲ್ಲಿ ವಿಶೇಷ ಪರವಾನಗಿ ಬೇಕಿಲ್ಲ, ಗುರುತಿನ ಚೀಟಿ ಸಾಕು. ಕಿನ್ನೌರ್‌ನಲ್ಲಿ ಗುಡ್ಡ ಕುಸಿದು ರಸ್ತೆ ನಿಲ್ಲುವುದು ಮಾಮೂಲಿ. ವಾಪಸು ರೈಲಿಗೆ ಎರಡು ದಿನ ಕೈಯಲ್ಲಿ ಇಟ್ಟುಕೊಂಡೇ ಟಿಕೆಟ್ ಮಾಡಿಸಿ. ನಗದು ದುಡ್ಡು ಇಟ್ಟುಕೊಳ್ಳಿ, ಎಟಿಎಂ ನಂಬಿಕೊಂಡು ಹೋಗಬೇಡಿ.

ಊಟದ ವಿಷಯ. ಸಸ್ಯಾಹಾರಿಗಳು ಅಂತ ಫೋನಿನಲ್ಲಿ ಮೊದಲೇ ಹೇಳಿ, ಹೋದ ಮೇಲೆ ಇನ್ನೊಮ್ಮೆ ಹೇಳಿ. ಅನ್ನ, ಬೇಳೆ, ಆಲೂಗಡ್ಡೆ, ರೊಟ್ಟಿ ಸಿಗುತ್ತದೆ. ಥುಕ್ಪಾ ಎಂಬ ಬಿಸಿ ಗಂಜಿಯಂಥ ಅಡುಗೆಗೆ ಒಣಮಾಂಸ ಹಾಕುವ ರೂಢಿ ಇದೆ, ಅದಕ್ಕೆ ಈ ಮಾತು. ಹುರಿದ ಬಾರ್ಲಿ ಹಿಟ್ಟು ಸಂಪಾ. ಬೆಣ್ಣೆ, ಉಪ್ಪು ಹಾಕಿದ ಚಹಾದಲ್ಲಿ ಕಲಸಿ ತಿನ್ನುತ್ತಾರೆ. ಲೋಟ ಖಾಲಿಯಾದಂತೆ ತುಂಬುತ್ತಲೇ ಇರುತ್ತಾರೆ. ಸಾಕು ಅನಿಸಿದರೆ ತುಂಬಿದ ಲೋಟ ಹಾಗೇ ಬಿಡಿ, ಹೊರಡುವಾಗ ಕುಡಿದರಾಯಿತು. ಸಂಜೆ ಎಲ್ಲರೂ ಅಡುಗೆಮನೆಯಲ್ಲೇ ಇರುತ್ತಾರೆ, ಬೆಚ್ಚಗಿರುವುದು ಅದೊಂದೇ ಕೋಣೆ. ಕೂರುವ ಜಾಗಕ್ಕೆ ಕ್ರಮ ಇದೆ, ಎಲ್ಲಿ ಕೂರಲಿ ಅಂತ ಕೇಳಿ. ಒಲೆಗೆ ಕಸ, ಪ್ಲಾಸ್ಟಿಕ್, ಎಂಜಲು ಹಾಕಬೇಡಿ, ಒಲೆ ಅವರಿಗೆ ದೇವರಿದ್ದಂತೆ. ದಾರಿಯಲ್ಲಿ ಮಂತ್ರ ಕೆತ್ತಿದ ಕಲ್ಲಿನ ಗೋಡೆ, ಸ್ತೂಪ ಬಂದರೆ ನಾವು ಗುಡಿಗೆ ಪ್ರದಕ್ಷಿಣೆ ಹಾಕುವ ಹಾಗೆ ಅದು ಬಲಕ್ಕೆ ಬರುವಂತೆ ನಡೆಯಿರಿ.

ಶೌಚಾಲಯ ಒಣ ಪದ್ಧತಿಯದು. ಮೇಲಿನ ಕೋಣೆಯ ನೆಲದಲ್ಲಿ ರಂಧ್ರ, ಪಕ್ಕದಲ್ಲಿ ಮಣ್ಣು, ಬೂದಿ, ಸಲಿಕೆ. ಮುಗಿದ ಮೇಲೆ ಮಣ್ಣು ತಳ್ಳಬೇಕು, ನೀರು ಸುರಿಯಬಾರದು. ಕೆಳಗೆ ಕೂಡಿದ್ದು ವರ್ಷ ತುಂಬುವ ಹೊತ್ತಿಗೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ನೀವು ಹೋದಾಗ ಆ ಗೊಬ್ಬರವನ್ನು ಬುಟ್ಟಿಯಲ್ಲಿ ಹೊತ್ತು ಸಾಗಿಸುವುದನ್ನು ಕಣ್ಣಾರೆ ನೋಡಬಹುದು. ಆದ್ದರಿಂದ ಸ್ಯಾನಿಟರಿ ಪ್ಯಾಡ್, ಒದ್ದೆ ಟಿಶ್ಯೂ, ಪ್ಲಾಸ್ಟಿಕ್ ಯಾವುದನ್ನೂ ಅದರಲ್ಲಿ ಹಾಕಲೇಬಾರದು. ಕವರಿನಲ್ಲಿ ಕಟ್ಟಿ ನಿಮ್ಮ ಜೊತೆಯೇ ವಾಪಸು ತನ್ನಿ. ಆ ಹೊಲದಲ್ಲಿ ಕೈ ಹಾಕಿ ಕಳೆ ಕೀಳುವುದು ಆ ಮನೆಯ ಹೆಂಗಸು.

ಸಾಕುಪ್ರಾಣಿಗಳ ಬಗ್ಗೆ ಕೇಳುವಾಗ ಹಿಮಚಿರತೆಯ ಮಾತು ಬಂದೇ ಬರುತ್ತದೆ. ಅಲ್ಲಿ ನಮ್ಮ ರಾಜ್ಯದ ನಂಟು ಒಂದಿದೆ. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನವರು ಕಿಬ್ಬರ್‌ನಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ಕಾಡುಕುರಿಗಳು ಹೆಚ್ಚಲಿ ಅಂತ ಸ್ವಲ್ಪ ಹುಲ್ಲುಗಾವಲನ್ನು ಮೇಯಿಸದೆ ಬಿಡಲು ಊರಿನವರು 1998ರಲ್ಲಿ ಒಪ್ಪಿದರು. ಚಿರತೆ ಹಿಡಿದ ದನ, ಯಾಕ್‌ಗೆ ಪರಿಹಾರ ಕೊಡಲು 2002ರಲ್ಲಿ ಊರಿನವರೇ ನಡೆಸುವ ವಿಮೆ ಶುರುವಾಯಿತು. ಚಿರತೆ, ಕರಡಿ ಕಾಟ ಇರುವ ನಮ್ಮ ಜೋಗಿಮಟ್ಟಿ ಸುತ್ತಲಿನ ಹಳ್ಳಿಗಳವರು ತಿಳಿಯಬೇಕಾದ ವಿಷಯ ಇದು. ಸಾಧ್ಯವಾದರೆ ವಿವರ ಕೇಳಿಕೊಂಡು ಬನ್ನಿ.

ಫೋಟೊ ತೆಗೆಯುವುದಾದರೆ ಕೇಳಿ ತೆಗೆಯಿರಿ, ಮೊದಲ ಎರಡು ದಿನ ಬೇಡವೇ ಬೇಡ. ಮಕ್ಕಳಿಗೆ ದಾರಿಯಲ್ಲಿ ಚಾಕೊಲೇಟ್, ಪೆನ್ನು, ದುಡ್ಡು ಹಂಚಬೇಡಿ, ಕೊಡುವುದಿದ್ದರೆ ಶಾಲೆಯ ಶಿಕ್ಷಕರ ಕೈಗೆ ಕೊಡಿ. ಲಾಂಗ್ಜಾ ಕಡೆ ಹೋದರೆ ಮಕ್ಕಳು ಪಳೆಯುಳಿಕೆಯ ಕಲ್ಲು ಮಾರಲು ಬರುತ್ತಾರೆ. ಹಿಮಾಲಯ ಏಳುವ ಮುಂಚೆ ಅಲ್ಲಿದ್ದ ಸಮುದ್ರದ ಜೀವಿಗಳವು. ಕೊಳ್ಳಬೇಡಿ. ಕೊಂಡಷ್ಟೂ ಅಗೆಯುತ್ತಾರೆ.

ಕೊನೆಯದಾಗಿ ಉಡುಗೊರೆ. ಬಾಡಿಗೆ ಎಷ್ಟು ಅಂತ ಮೊದಲೇ ಕೇಳಿ ಅಷ್ಟನ್ನೂ ಚೌಕಾಸಿ ಮಾಡದೆ ಕೊಡಿ, ಅದೇ ಮುಖ್ಯ. ಅದರ ಮೇಲೆ, ಚಳ್ಳಕೆರೆ ಕಡೆಯ ಹುರಿದ ಶೇಂಗಾ, ಶೇಂಗಾ ಚಿಕ್ಕಿ ಒಯ್ಯಿರಿ. ಚಳಿಯಲ್ಲಿ ಎಲ್ಲರೂ ಇಷ್ಟಪಡುತ್ತಾರೆ, ಕೆಡುವುದೂ ಇಲ್ಲ. ಭಾರ ಆದರೂ ಪರವಾಗಿಲ್ಲ ಅಂದರೆ ಒಂದು ಚಳ್ಳಕೆರೆ ಕಂಬಳಿ. ಅವರು ಕುರಿ, ಯಾಕ್ ಉಣ್ಣೆ ನೂಲುವ ಜನ. ಕಂಬಳಿಯನ್ನು ಕೈಯಲ್ಲಿ ತಿರುಗಿಸಿ, ಈ ಕುರಿ ಎಂಥದು, ವರ್ಷಕ್ಕೆ ಎಷ್ಟು ಸಲ ಉಣ್ಣೆ ಕತ್ತರಿಸುತ್ತೀರಿ, ಯಾರು ನೇಯುತ್ತಾರೆ ಅಂತ ಕೇಳುತ್ತಾರೆ. ಉತ್ತರ ಗೊತ್ತಿರಲಿ, ಕೊಳ್ಳುವಾಗಲೇ ನೇಕಾರರನ್ನು ವಿಚಾರಿಸಿಕೊಂಡು ಹೋಗಿ. ನಿಮ್ಮ ಶಾಲೆ, ಮನೆಯವರು, ಮೆಕ್ಕೆಜೋಳದ ಹೊಲ, ಚನ್ನಗಿರಿ ಕಡೆಯ ಅಡಿಕೆ ತೋಟ, ಸೂಳೆಕೆರೆ ಇವುಗಳ ಒಂದಿಷ್ಟು ಫೋಟೊ ಪ್ರಿಂಟ್ ಹಾಕಿಸಿಕೊಳ್ಳಿ. ಫೋನಿನಲ್ಲಿ ತೋರಿಸುವುದಕ್ಕಿಂತ ಕೈಗೆ ಕೊಟ್ಟರೆ ಚೆನ್ನ, ಮನೆಯವರೆಲ್ಲ ಸುತ್ತ ಕೂತು ನೋಡುತ್ತಾರೆ. ವಾಪಸು ಬಂದ ಮೇಲೆ ಅಲ್ಲಿ ತೆಗೆದ ಅವರ ಫೋಟೊಗಳನ್ನು ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸಿ. ಕಳಿಸುತ್ತೇವೆ ಅಂತ ಮಾತು ಕೊಟ್ಟು ಕಳಿಸದವರೇ ಜಾಸ್ತಿ. ಹೊರಡುವ ದಿನ ಮನೆಯವರಿಂದಲೇ ಪೂರ್ತಿ ವಿಳಾಸ, ಪಿನ್‌ಕೋಡ್ ಬರೆಸಿಕೊಳ್ಳಿ. ಜೂನ್ ಮೊದಲ ವಾರದಲ್ಲಿ ಕಳಿಸಿದರೆ ಬಟಾಣಿ ಕೊಯ್ಲಿನ ಗಡಿಬಿಡಿಗೆ ಮುಂಚೆ ಅವರ ಕೈ ಸೇರುತ್ತದೆ.